ತಾಮ್ರ ಬೇರೆ, ಬೀಡು ಬೇರೆ ಆಗುವ ಮೊದಲು

ಗುಜರಿ ಅಂಗಡಿಯ ಹುಡುಗ ಉಳಿ, ಸುತ್ತಿಗೆ ಹಿಡಿದು ಹಳೆಯ ಯಂತ್ರವೊಂದರ ಮುಂದೆ ಕುಳಿತಾಗಿತ್ತು. ತಾಮ್ರದ ತಗಡಿನ ಒಂದು ಅಂಚಿನಲ್ಲಿ ನಾಲ್ಕು ತಿರುಪುಗಳನ್ನು ಆಗಲೇ ಕಿತ್ತಿದ್ದ. ನಾನು ಹೋದದ್ದು ದನದ ಕೊಟ್ಟಿಗೆಯ ಬಾಗಿಲಿಗೆ ಹಳೆಯ ಕಬ್ಬಿಣದ ಪಟ್ಟಿ ಸಿಗುತ್ತದೆಯೇ ಎಂದು ನೋಡಲು. ಆ ತಗಡಿನ ಮೇಲಿನ ಸಾಲುಸಾಲು ಉಬ್ಬುಗಳನ್ನು ಕಂಡದ್ದೇ ಪಟ್ಟಿಯ ವಿಷಯ ಮರೆತುಹೋಯಿತು. ಹಲಸಿನ ಕಾಯಿಯ ಸಿಪ್ಪೆಯನ್ನು ಬಿಡಿಸಿ ಒಂದು ಉರುಳೆಗೆ ಸುತ್ತಿದ ಹಾಗಿತ್ತು. ಕೈಯಲ್ಲಿ ತಿರುಗಿಸುವ ಕಾಫಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಬೀಡಿನ (ಎರಕದ ಕಬ್ಬಿಣದ) ನಾಲ್ಕು ಕಾಲು, ಪಕ್ಕದಲ್ಲಿ ದೊಡ್ಡ ಚಕ್ರ, ಚಕ್ರದ ಅಂಚಿಗೆ ಮರದ ಹಿಡಿ. ಹಣ್ಣು ಸುರಿಯುವ ಬಾಯಿ ಮಾತ್ರ ತುಕ್ಕು ತಿಂದು ಜರಡಿಯಾಗಿತ್ತು.

"ಸ್ವಲ್ಪ ನಿಲ್ಲಿಸಪ್ಪ" ಎಂದೆ. ಹುಡುಗ ಒಳಗೆ ನೋಡಿದ. ಅಂಗಡಿಯವರು ಹೊರಗೆ ಬಂದು, "ತಾಮ್ರ ಬೇರೆ, ಬೀಡು ಬೇರೆ ಮಾಡಿದರೆ ನಮಗೆ ಗಿಟ್ಟುತ್ತದೆ ಅಮ್ಮ. ಇಡಿಯಾಗಿ ಕೊಂಡು ನೀವೇನು ಮಾಡುತ್ತೀರಿ?" ಎಂದು ಕೇಳಿದರು. ಹಣ್ಣು ಪಲ್ಪ್ ಮಾಡುತ್ತೇನೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಹುಡುಗನ ಕೈಯಿಂದ ಉಳಿಯನ್ನು ಇಸಿದುಕೊಂಡರು. ನನಗೆ ಅಷ್ಟು ಸಾಕಾಗಿತ್ತು.

ಅದಕ್ಕೆ ಹಿಂದಿನ ಡಿಸೆಂಬರಿನ ಕಥೆಯನ್ನು ಹೇಳದಿದ್ದರೆ ಈ ಅವಸರ ಅರ್ಥವಾಗುವುದಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ತೋಟ. ಮುಕ್ಕಾಲು ಪಾಲು ಅರೇಬಿಕಾ, ಉಳಿದದ್ದು ರೊಬಸ್ಟಾ. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕೊಯ್ಲಿನಲ್ಲಿ ದಿನಕ್ಕೆ ನೂರೈವತ್ತು, ಹೆಚ್ಚೆಂದರೆ ಇನ್ನೂರು ಕೆಜಿ ಹಣ್ಣು ಬರುತ್ತದೆ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರಿ. ಸಿಪ್ಪೆ ಸುಲಿದು, ಲೋಳೆ ಕಳೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಅರೇಬಿಕಾ ಪಾರ್ಚ್‌ಮೆಂಟಿಗೆ ಬೆಲೆ ಹೆಚ್ಚು. ಅದಕ್ಕಿಂತ ಮುಖ್ಯವಾದ ಮಾತು, ಚೆರಿ ಒಣಗಲು ಒಳ್ಳೆಯ ಬಿಸಿಲಿದ್ದರೂ ಹದಿನೈದು ದಿನ ಬೇಕು, ಪಾರ್ಚ್‌ಮೆಂಟಿಗೆ ಒಂದು ವಾರ, ಹತ್ತು ದಿನ ಸಾಕು. ಅಕಾಲದ ಮಳೆ ಹೊಂಚು ಹಾಕುವ ಕಾಲದಲ್ಲಿ ಆ ಒಂದು ವಾರದ ಅಂತರವೇ ವರ್ಷದ ದುಡಿಮೆಯನ್ನು ಉಳಿಸುತ್ತದೆ, ಇಲ್ಲವೇ ಕಳೆಯುತ್ತದೆ.

ನಮಗೆ ಕಳೆಯಿತು. ಕಣದಲ್ಲಿ ಹರಡಿದ್ದ ಚೆರಿಯ ಮೇಲೆ ಮೂರು ದಿನ ಬಿಡದೆ ಮಳೆ ಹಿಡಿಯಿತು. ಟಾರ್ಪಾಲಿನ್ ಹೊದಿಸಿದೆವು, ಅದರ ಅಡಿಯಲ್ಲಿ ಬಿಸಿಯಾಗಿ ಬೂಸ್ಟು ಬಂತು. ಅತ್ತೆ ಒಂದು ಹಿಡಿ ತೆಗೆದು ಮೂಸಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಸ್ವಲ್ಪ ಹಣ್ಣನ್ನು ದೊಡ್ಡ ತೋಟವೊಂದರ ಪಲ್ಪರ್‌ಗೆ ಒಯ್ದಿದ್ದೆವು. ಅವರ ಕೆಲಸ ಮುಗಿದ ಮೇಲೆ ತಾನೇ ನಮ್ಮ ಸರದಿ? ಬೆಳಿಗ್ಗೆ ಕೊಯ್ದ ಹಣ್ಣು ರಾತ್ರಿ ಹನ್ನೊಂದರವರೆಗೆ ಮೂಟೆಯಲ್ಲೇ ಬೆಂದು ಹುಳಿ ವಾಸನೆ ಬರತೊಡಗಿತ್ತು. ಕೊಯ್ದ ದಿನವೇ ಪಲ್ಪ್ ಆಗಬೇಕು ಎಂಬುದು ಕಾಫಿ ಬೆಳೆಯುವ ಎಲ್ಲರಿಗೂ ಗೊತ್ತಿರುವ ವಿಷಯ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಈ ಬೆಳೆಯ ಹಿಂದೆ ಬಿದ್ದಿದೆ, ತಳಿಯಿಂದ ಹಿಡಿದು ಒಣಗಿಸುವವರೆಗೆ ಎಲ್ಲವನ್ನೂ ಹೇಳಿಕೊಡುತ್ತದೆ. ಗೊತ್ತಿರುವುದನ್ನು ಮಾಡಲು ಸಣ್ಣ ತೋಟದವರ ಹತ್ತಿರ ಯಂತ್ರ ಇರುವುದಿಲ್ಲ, ಅಷ್ಟೇ.

ಹಾಗಾಗಿ ಏಪ್ರಿಲ್ ತಿಂಗಳ ಆ ಮಧ್ಯಾಹ್ನ ನಾನು ಗುಜರಿ ಅಂಗಡಿಯಲ್ಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಯಂತ್ರದ ಸುತ್ತ ಕೂತು ಎದ್ದು ನೋಡಿದೆ. ಚಕ್ರ ತಿರುಗಲಿಲ್ಲ. ತುಕ್ಕಿನಿಂದ ಹಿಡಿದಿದ್ದರೆ ಬಿಡಿಸಬಹುದು, ಶಾಫ್ಟ್ ಬಾಗಿದ್ದರೆ ಕಷ್ಟ. ಉದ್ದನೆಯ ನೇರ ಪಟ್ಟಿಯೊಂದನ್ನು ಶಾಫ್ಟಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದೆ. ಸಂದಿನಲ್ಲಿ ಬೆಳಕು ಕಾಣಲಿಲ್ಲ. ಬೀಡಿನ ಪ್ರತಿ ಭಾಗವನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಗಟ್ಟಿ ಬೀಡು ಗಂಟೆಯ ಹಾಗೆ ಮಿಡಿಯುತ್ತದೆ, ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಮುಂದಿನ ಎಡಗಾಲು ಒಡಕು ಮಡಕೆಯಂತೆ ಸದ್ದು ಮಾಡಿತು. ಬಗ್ಗಿ ನೋಡಿದರೆ ಬಣ್ಣದ ಅಡಿಯಲ್ಲಿ ಮೂರು ಇಂಚಿನ ಬಿರುಕು. ತಾಮ್ರದ ತಗಡಿನ ನಡುಭಾಗದಲ್ಲಿ ಉಬ್ಬುಗಳು ಸವೆದು ಚಪ್ಪಟೆಯಾಗಿದ್ದವು. ತುಕ್ಕು ಬಿಟ್ಟರೆ ಇವೆರಡೇ ದೋಷ. ತೂಗಿದರೆ 118 ಕೆಜಿ. ಬೀಡಿಗೊಂದು ದರ, ತಾಮ್ರಕ್ಕೊಂದು ದರ ಎಂದು ಲೆಕ್ಕ ಹಾಕಿ ಹನ್ನೊಂದು ಸಾವಿರ ಕೇಳಿದರು. ಬಿರುಕನ್ನು ತೋರಿಸಿದೆ. ಒಂಬತ್ತಕ್ಕೆ ಒಪ್ಪಿದರು. ಹುಡುಗ ಕಿತ್ತ ನಾಲ್ಕು ತಿರುಪುಗಳನ್ನು ನೆಲದಿಂದ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಪಿಕಪ್‌ನಿಂದ ಅಂಗಳಕ್ಕೆ ಇಳಿಸುವಾಗ ಅತ್ತೆ ಬಾಗಿಲಿಗೆ ಬಂದರು. ಅವರಿಗೆ ಎಪ್ಪತ್ತಾರು ವರ್ಷ. ಯಂತ್ರದ ಹತ್ತಿರ ಬಂದು ಹಿಡಿಯ ಮರವನ್ನು ಸವರಿದರು. ಅವರ ತವರಿನಲ್ಲಿ ಇಂಥದ್ದೇ ಒಂದು ಇತ್ತಂತೆ. ಕೊಯ್ಲಿನ ದಿನಗಳಲ್ಲಿ ಸಂಜೆ ಲಾಂದ್ರ ಹಚ್ಚಿಕೊಂಡು ಇಬ್ಬರು ಗಂಡಾಳುಗಳು ತಿರುಗಿಸುತ್ತಿದ್ದರು, ಅತ್ತೆ ಹುಡುಗಿಯಾಗಿದ್ದಾಗ ಬೊಗಸೆಯಲ್ಲಿ ಹಣ್ಣು ಹಾಕುತ್ತಿದ್ದರಂತೆ. "ಬೆರಳು ಜೋಪಾನ ಎಂದು ಅಪ್ಪ ಹತ್ತು ಸಲ ಹೇಳುತ್ತಿದ್ದರು" ಎಂದು ಹೇಳಿ ಹಿಡಿಯನ್ನು ತಿರುಗಿಸಲು ನೋಡಿದರು. ಅದು ಅಲ್ಲಾಡಲಿಲ್ಲ.

ಬಿಚ್ಚುವ ಮೊದಲೇ ನಾನೊಂದು ನಿಯಮ ಹಾಕಿಕೊಂಡಿದ್ದೆ. ಮೋಟಾರು ಕೂರಿಸಬೇಕು ನಿಜ, ಆದರೆ ಹಳೆಯ ಬೀಡಿನಲ್ಲಿ ಹೊಸದಾಗಿ ಒಂದು ತೂತನ್ನೂ ಕೊರೆಯಬಾರದು. ಏನೇ ಜೋಡಿಸಿದರೂ ನಾಳೆ ಬಿಚ್ಚಿದರೆ ಯಂತ್ರ ಮೊದಲಿದ್ದಂತೆ ಕೈಯಲ್ಲಿ ತಿರುಗಬೇಕು. ನಮ್ಮ ಕಡೆ ಕೊಯ್ಲಿನ ದಿನಗಳಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಅಷ್ಟು ವರ್ಷ ದುಡಿದು ಬಂದ ವಸ್ತುವನ್ನು ನನ್ನ ಅರೆಬರೆ ತಿಳುವಳಿಕೆಯಿಂದ ಹಾಳು ಮಾಡುವ ಹಕ್ಕು ನನಗಿಲ್ಲ ಎನ್ನಿಸಿತ್ತು.

ಎಂಟು ದಿನ ಕೀಲುಗಳಿಗೆಲ್ಲ ಡೀಸೆಲ್ ಮತ್ತು ಹಳೆಯ ಎಂಜಿನ್ ಆಯಿಲ್ ಬೆರೆಸಿ ಬಿಟ್ಟೆ. ಬೆಳಿಗ್ಗೆ ಸಂಜೆ ಚಕ್ರವನ್ನು ಹಿಂದೆ ಮುಂದೆ ಅಲುಗಿಸಿ ನೋಡುವುದು. ಒಂಬತ್ತನೆಯ ದಿನ ಒಂದು ಬೆರಳಿನಷ್ಟು ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸುತ್ತು, ಸಂಜೆಗೆ ಪೂರ್ತಿ ಸುತ್ತು. ಆ ಹೊತ್ತಿನ ಸಂತೋಷವನ್ನು ಏನೆಂದು ಹೇಳಲಿ! ಒಳಗಿದ್ದ ಅತ್ತೆಯನ್ನು ಕೂಗಿ ಕರೆದು ತೋರಿಸಿದೆ.

ಹಳೆಯ ಬಣ್ಣ ಕೆರೆಯುವಾಗ ಒಂದು ಎಚ್ಚರಿಕೆ ಬೇಕು. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು. ಮೂಗಿಗೆ ಮಾಸ್ಕ್ ಕಟ್ಟಿ, ನೀರು ಹಾಕುತ್ತಾ ಒದ್ದೆಯಾಗಿಯೇ ಕೆರೆದೆ. ಕೆರೆದದ್ದನ್ನು ಕೋಳಿ, ದನ ಸುಳಿಯದ ಹಾಗೆ ಡಬ್ಬಕ್ಕೆ ತುಂಬಿಟ್ಟೆ. ಮೂರು ಪದರ ಬಣ್ಣ: ಮೇಲೆ ಬೂದು, ಅದರಡಿ ಕೆಂಪು, ಎಲ್ಲಕ್ಕಿಂತ ಕೆಳಗೆ ಕಡು ಹಸಿರು. ಹಸಿರು ಹೋದಂತೆ ಪಕ್ಕದ ಚೌಕಟ್ಟಿನ ಮೇಲೆ ಉಬ್ಬು ಅಕ್ಷರಗಳು ಒಂದೊಂದಾಗಿ ಕೈಗೆ ತಾಗಿದವು. ಕಣ್ಣಿಗಿಂತ ಮೊದಲು ಬೆರಳೇ ಓದಿತು. ಮೊದಲ ಸಾಲು ಪೂರ್ತಿ ಸವೆದಿತ್ತು, ಎರಡನೆಯ ಸಾಲಿನಲ್ಲಿ "ಅಬರ್ಡೀನ್" ಎಂದು ಇಂಗ್ಲಿಷಿನಲ್ಲಿತ್ತು. ಸ್ಕಾಟ್ಲೆಂಡಿನ ಬಂದರು ಊರು. ಕಾಫಿ ಯಂತ್ರಗಳಿಗೆ ಹೆಸರಾಗಿದ್ದ ವಿಲಿಯಂ ಮೆಕಿನನ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲಿಯೇ. ನಮ್ಮದು ಅವರದ್ದೇ ಎನ್ನಲು ಮೇಲಿನ ಸಾಲು ಉಳಿದಿಲ್ಲ. ಆದರೂ ಅಷ್ಟು ದೂರದಿಂದ ಹಡಗಿನಲ್ಲಿ ಬಂದು, ಘಾಟಿ ಹತ್ತಿ, ಯಾವುದೋ ತೋಟದಲ್ಲಿ ದುಡಿದು ಕೊನೆಗೆ ಉಳಿಯ ಬಾಯಿಗೆ ಸಿಕ್ಕಿತ್ತಲ್ಲ ಎಂದು ತುಂಬಾ ಹೊತ್ತು ಆ ಅಕ್ಷರಗಳ ಮೇಲೆ ಕೈಯಾಡಿಸುತ್ತಾ ಕುಳಿತಿದ್ದೆ.

ಊರು ಗೊತ್ತಾದದ್ದರಿಂದ ಇನ್ನೊಂದು ಗಂಟೂ ಬಿಚ್ಚಿತು. ಒಂದು ಬೋಲ್ಟ್ ಬಿಚ್ಚುವಾಗ ತುಂಡಾಗಿತ್ತು. ಅಂಗಡಿಯಿಂದ ತಂದ 12 ಮಿಲಿಮೀಟರ್ ಬೋಲ್ಟ್ ಒಂದು ಸುತ್ತು ಹೋಗಿ ಬಿಗಿಯಾಗಿ ನಿಂತಿತು. ಅರ್ಧ ಇಂಚಿನದು ತಂದೆ. ಅದೂ ಎರಡು ಸುತ್ತಿಗೆ ನಿಂತಿತು. ಸ್ಪ್ಯಾನರಿಗೆ ಬಲ ಕೊಡಲು ಹೊರಟಿದ್ದೆ, ದೇವರ ದಯೆ, ಕೊಡಲಿಲ್ಲ. ಎರಡನ್ನೂ ಮೂಡಿಗೆರೆಯ ಲೇತ್ ಅಂಗಡಿಗೆ ಒಯ್ದಾಗ ಮೇಸ್ತ್ರಿ ಬೋಲ್ಟಿನ ಸುರುಳಿ ಗೆರೆಗಳನ್ನು, ಅಂದರೆ ಎಳೆಗಳನ್ನು, ಅಳೆಯುವ ಬ್ಲೇಡುಗಳ ಗೊಂಚಲು ತೆಗೆದು ಹಳೆಯ ತುಂಡಿಗೆ ಒಂದೊಂದಾಗಿ ಹಿಡಿದರು. "ಅಕ್ಕಾ, ಇದು ವಿಟ್‌ವರ್ತ್ ಎಳೆ. ಅರ್ಧ ಇಂಚಿಗೆ ಬ್ರಿಟಿಷರದ್ದು ಇಂಚಿಗೆ 12 ಎಳೆ, ಅಮೆರಿಕದ್ದು 13. ನೀವು ತಂದಿರುವುದು 13ರದ್ದು" ಎಂದರು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು ಹಾಕಿಕೊಟ್ಟ ಅಳತೆಯಂತೆ. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಗೆ ಒಂದೊಂದು ಎಳೆ. ಇಂಚಿಗೆ ಒಂದೇ ಒಂದು ಎಳೆಯ ವ್ಯತ್ಯಾಸ, ಬಲ ಹಾಕಿ ತಿರುಗಿಸಿದ್ದರೆ ಬೀಡಿನೊಳಗಿನ ಎಳೆಯೆಲ್ಲ ಉದುರಿ ಹೋಗುತ್ತಿತ್ತು. ಹಳೆಯ ಯಂತ್ರ ಕೊಳ್ಳುವವರು ಬೋಲ್ಟುಗಳನ್ನು ಬಿಸಾಡಬೇಡಿ. ತುಂಡಾದದ್ದನ್ನೂ ಇಟ್ಟುಕೊಳ್ಳಿ, ಅದೇ ಅಳತೆಗೋಲು.

ಬಿರುಕು ಬಿಟ್ಟ ಕಾಲಿಗೆ ವೆಲ್ಡಿಂಗ್ ಮಾಡಿಸಿಬಿಡೋಣ ಎಂದು ನಾನು ಅಂದುಕೊಂಡಿದ್ದೆ. ಮೇಸ್ತ್ರಿ ಬೇಡವೆಂದರು. ಬೀಡಿನಲ್ಲಿ ಇಂಗಾಲದ ಅಂಶ ಹೆಚ್ಚು. ಒಂದೇ ಕಡೆ ಕಾಯಿಸಿದರೆ ಆರುವಾಗ ಬೆಸುಗೆಯ ಪಕ್ಕದ ಜಾಗ ಗಾಜಿನಂತೆ ಪೆಡಸಾಗಿ ಹೊಸ ಬಿರುಕು ಬಿಡುತ್ತದೆ. ಅದಕ್ಕೆಂದೇ ನಿಕ್ಕಲ್ ಕಡ್ಡಿ ಬರುತ್ತದೆ, ಇಡೀ ಭಾಗವನ್ನು ಮೊದಲು ಕಾಯಿಸಿಕೊಂಡು ನಿಧಾನವಾಗಿ ಆರಿಸಬೇಕು, ಅಷ್ಟು ಮಾಡಿದರೂ ಖಾತ್ರಿಯಿಲ್ಲ ಎಂದರು. ಬದಲಿಗೆ ಬಿರುಕಿನ ತುದಿ ಎಲ್ಲಿದೆ ಎಂದು ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿ ಪತ್ತೆ ಹಚ್ಚಿದರು. ಬಿರುಕಿನಲ್ಲಿ ಉಳಿದ ಎಣ್ಣೆ ಪುಡಿಯ ಮೇಲೆ ಕೂದಲೆಳೆಯಂಥ ಗೆರೆ ಬರೆಯಿತು. ಆ ಗೆರೆ ಮುಗಿಯುವಲ್ಲಿ ಸಣ್ಣದೊಂದು ತೂತು ಕೊರೆದರು. ಚೂಪಾದ ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ನನ್ನ ನಿಯಮಕ್ಕೆ ಇದೊಂದೇ ವಿನಾಯಿತಿ. ಕಾಲಿನ ಸುತ್ತ ಎರಡು ಕಡೆ ಉಕ್ಕಿನ ಪಟ್ಟಿ ಹಾಕಿ ಬಿಗಿದೆವು. ಶಾಫ್ಟ್ ಕೂರುವ ಗನ್‌ಮೆಟಲ್ ಬುಷ್‌ಗಳು, ಅಂದರೆ ಕಂಚಿನ ಬಳೆಗಳು, ಮೊಟ್ಟೆಯಾಕಾರಕ್ಕೆ ಸವೆದಿದ್ದವು, ಅವನ್ನು ಲೇತ್‌ನಲ್ಲಿ ಹೊಸದಾಗಿ ಕಡೆಸಿದ್ದಾಯಿತು. ಬಾಯಿಗೆ ಸ್ಟೀಲ್ ತಗಡು.

ಇನ್ನು ತಾಮ್ರ. ಈ ಕೆಲಸವನ್ನು ನಾನು ಮರೆಯುವುದಿಲ್ಲ.

ಪಲ್ಪರ್ ಕೆಲಸ ಮಾಡುವುದೇ ಈ ಉಬ್ಬುಗಳಿಂದ. ಬಾಯಿಗೆ ಹಣ್ಣು, ನೀರು ಬೀಳುತ್ತದೆ. ತಿರುಗುವ ಉರುಳೆ ಹಣ್ಣನ್ನು ಎಳೆದುಕೊಂಡು ಎದುರಿನ ಪಟ್ಟಿಗೆ ಒತ್ತುತ್ತದೆ. ಆ ಪಟ್ಟಿಗೆ ಚಾಪ್ ಎನ್ನುತ್ತಾರೆ. ಒತ್ತಿದಾಗ ಹಣ್ಣು ಒಡೆದು ಬೀಜಗಳು ಜಾರಿ ಮುಂದಿನ ಕಡೆ ಬೀಳುತ್ತವೆ, ಸಿಪ್ಪೆ ಉಬ್ಬುಗಳಿಗೆ ಕಚ್ಚಿಕೊಂಡು ಸಣ್ಣ ಸಂದಿನಲ್ಲಿ ನುಸುಳಿ ಹಿಂದಕ್ಕೆ ಹೋಗುತ್ತದೆ. ಉಬ್ಬು ಸವೆದರೆ ಸಿಪ್ಪೆಗೆ ಹಿಡಿತವಿಲ್ಲ, ಅದು ಬೀಜದ ಜೊತೆಯೇ ಬಂದುಬಿಡುತ್ತದೆ. ಹೊಸ ತಗಡು ತರಿಸಬಹುದಿತ್ತು. ಆದರೆ ಹಳೆಯದು ತೂತು ಬಿದ್ದಿರಲಿಲ್ಲ, ನಡುಭಾಗದಲ್ಲಿ ತಗ್ಗಿತ್ತು ಅಷ್ಟೇ.

ಮೊದಲು ತಿರುಗುವ ದಿಕ್ಕಿಗೆ ಬಾಣದ ಗುರುತು ಹಾಕಿ ತಗಡನ್ನು ಬಿಚ್ಚಿದೆವು. ಒಳಗೆಲ್ಲ ಹಸಿರು ಕಿಲುಬು. ಕಾಫಿ ಬೀಜ ತಾಗುವ ಜಾಗದಲ್ಲಿ ಅದು ಇರಕೂಡದು. ಹುಣಸೆಹಣ್ಣು, ಕಲ್ಲುಪ್ಪು ಕಲಸಿ ಹಬ್ಬಕ್ಕೆ ಬಿಂದಿಗೆ ಉಜ್ಜುವ ಹಾಗೆ ಅತ್ತೆಯೂ ನಾನೂ ಎರಡು ಬದಿಯನ್ನೂ ಉಜ್ಜಿ ತೊಳೆದೆವು. ವರ್ಷಗಟ್ಟಲೆ ಒತ್ತಡ ತಿಂದ ತಾಮ್ರ ಗಡುಸಾಗಿರುತ್ತದೆ, ಹಾಗೆಯೇ ಗುದ್ದಿದರೆ ಸೀಳುತ್ತದೆ. ಅದನ್ನು ಮಂಕಾದ ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಉಕ್ಕನ್ನು ಹಾಗೆ ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರದ ಗುಣ ಅದಕ್ಕೆ ತದ್ವಿರುದ್ಧ. ಮೇಸ್ತ್ರಿ ಗ್ಯಾಸಿನ ಉರಿಯಲ್ಲಿ ಭಾಗ ಭಾಗವಾಗಿ ಕಾಯಿಸಿಕೊಟ್ಟರು. ತಗಡನ್ನು ಕೈಯಲ್ಲಿ ಹಿಡಿದು ಬಾಗಿಸಿದಾಗ ಬಾಳೆಯ ಪಟ್ಟೆಯಂತೆ ಬಳುಕಿತು.

ಆಮೇಲೆ ಮನೆಯ ಜಗುಲಿಯಲ್ಲಿ ಹಲಸಿನ ದಿಮ್ಮಿಯ ಅಡ್ಡಕೊಯ್ತದ ಮೇಲೆ ತಗಡನ್ನು ಮಗುಚಿ ಹಾಸಿ, ತುದಿ ದುಂಡಗೆ ಉಜ್ಜಿದ ಉಕ್ಕಿನ ಕಡ್ಡಿಯಿಂದ ಒಂದೊಂದೇ ಉಬ್ಬನ್ನು ಹಿಂದಿನಿಂದ ಎತ್ತುತ್ತಾ ಬಂದೆ. ಒಂದೇ ಏಟಿಗೆ ಎತ್ತಬಾರದು, ಮೂರು ಸಣ್ಣ ಏಟು. ಮೊದಲನೆಯದಕ್ಕೆ ತಗಡು ಮಂದ ಸದ್ದು ಮಾಡುತ್ತದೆ, ಮೂರನೆಯದಕ್ಕೆ ಸದ್ದು ಬಿಗಿಯಾಗುತ್ತದೆ. ಅಲ್ಲಿಗೆ ಸಾಕು ಎಂದರ್ಥ. ಸರಿಯಾಗಿರುವ ಒಂದು ಉಬ್ಬಿನ ಎತ್ತರಕ್ಕೆ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು ಪ್ರತಿಯೊಂದನ್ನೂ ಅದಕ್ಕೆ ಹಿಡಿದು ನೋಡಿದೆ. 212 ಉಬ್ಬುಗಳು, ಎರಡೂವರೆ ದಿನ. ಎರಡು ಕಡೆ ಸೀಳು ಬಂತು. ಅವನ್ನು ಹಾಗೆಯೇ ಬಿಟ್ಟೆ. ತಗಡನ್ನು ಮತ್ತೆ ಉರುಳೆಗೆ ಸುತ್ತಿ ಬಿಗಿಯುವಾಗ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಆ ನಾಲ್ಕು ತಿರುಪುಗಳೂ ತಮ್ಮ ಜಾಗಕ್ಕೆ ಹೋದವು.

ಮೋಟಾರಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಎಷ್ಟು ಎಚ್‌ಪಿ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಒಬ್ಬ ಮನುಷ್ಯ ದಣಿಯದೆ ಹೊತ್ತುಗಟ್ಟಲೆ ತಿರುಗಿಸುವಾಗ ಕೊಡುವ ಶಕ್ತಿ ಒಂದು ಎಚ್‌ಪಿಯ ಹತ್ತನೆಯ ಒಂದು ಪಾಲಿನಷ್ಟು. ಇಬ್ಬರು ಆಳು ತಿರುಗಿಸುತ್ತಿದ್ದ ಯಂತ್ರಕ್ಕೆ ಅರ್ಧ ಎಚ್‌ಪಿ ಬೇಕಾದಷ್ಟಾಯಿತು. ಯಾವುದಾದರೂ ಕಲ್ಲು ಸಿಕ್ಕಿಕೊಂಡಾಗ ದೊಡ್ಡ ಮೋಟಾರು ಉಬ್ಬುಗಳನ್ನು ನಜ್ಜುಗುಜ್ಜು ಮಾಡಿಬಿಡುತ್ತದೆ, ಸಣ್ಣದು ಸೋತು ನಿಲ್ಲುತ್ತದೆ. ನಮ್ಮ ಯಜಮಾನರಿಗೆ ಹಾಸನದಲ್ಲಿ ಕೆಲಸ, ಶನಿವಾರ ಸಂಜೆ ಊರಿಗೆ ಬರುತ್ತಾರೆ. ಅವರು ಅಲ್ಲಿಂದ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಹಳೆಯ ಮೋಟಾರು, ಬೆಲ್ಟು, ಪುಲ್ಲಿಗಳನ್ನು ತಂದುಕೊಟ್ಟರು. ಚಕ್ರದ ಎದುರು ಬದಿಯಲ್ಲಿ ಶಾಫ್ಟಿನ ತುದಿ ಎರಡೂವರೆ ಇಂಚು ಹೊರಗೆ ಚಾಚಿತ್ತು, ಅದರಲ್ಲಿ ಪುಲ್ಲಿ ಜಾರದಂತೆ ಹಿಡಿಯುವ ಕೀಲಿ ಕೂರುವ ತೋಡನ್ನೂ ಮೊದಲೇ ಕೊರೆದಿದ್ದರು. ಎಂದೋ ಒಂದು ದಿನ ಯಾರಾದರೂ ಪುಲ್ಲಿ ಹಾಕಬಹುದು ಎಂದು ಮಾಡಿದವರೇ ಯೋಚಿಸಿದ್ದರು. ನನ್ನ ನಿಯಮ ಉಳಿದದ್ದು ಅವರ ಆ ಮುಂದಾಲೋಚನೆಯಿಂದ.

ತಪ್ಪಿದ್ದು ವೇಗದಲ್ಲಿ. ಮೋಟಾರು ನಿಮಿಷಕ್ಕೆ 1440 ಸುತ್ತು. ಅದಕ್ಕೆ ಎರಡೂವರೆ ಇಂಚಿನ ಪುಲ್ಲಿ, ಯಂತ್ರಕ್ಕೆ 15 ಇಂಚಿನದು ಹಾಕಿದೆ. ಆರರಲ್ಲಿ ಒಂದು, ಅಂದರೆ 240 ಸುತ್ತು. ನವೆಂಬರಿನ ಮೊದಲ ಕೊಯ್ಲಿನ ಒಂದು ಬುಟ್ಟಿ ಹಣ್ಣು ಹಾಕಿದೆ. ಕಟಕಟ ಸದ್ದು. ಬೀಜಗಳನ್ನು ಬೊಗಸೆಯಲ್ಲಿ ತೆಗೆದು ನೋಡಿದರೆ ಎಷ್ಟೋ ಬೀಜಗಳಿಗೆ ಗಾಯವಾಗಿತ್ತು, ಕೆಲವು ಅರ್ಧಕ್ಕೆ ತುಂಡು. ಕಚ್ಚಿದ ಬೀಜ, ಲೋಳೆ ಬಿಡಲೆಂದು ಹುದುಗಲು ಇಟ್ಟಾಗ ಅಲ್ಲಿಂದಲೇ ಕೆಡುತ್ತದೆ, ಕಪ್ಪಾಗುತ್ತದೆ, ಇಡೀ ಲಾಟಿನ ರುಚಿ ಕೆಡಿಸುತ್ತದೆ. ಜಗುಲಿಯಲ್ಲಿ ಕುಳಿತಿದ್ದ ಅತ್ತೆ, "ನಿಲ್ಲಿಸು, ನಿಲ್ಲಿಸು. ಈ ಸದ್ದಲ್ಲ ಅದು" ಎಂದರು. ಮತ್ತೇನು ಸದ್ದು ಎಂದು ಕೇಳಿದೆ. ಎದ್ದು ಬಂದರು. ಬೆಲ್ಟ್ ಕಳಚಿಸಿದರು. ಚಕ್ರಕ್ಕೆ ಹಿಡಿಯನ್ನು ಸಿಕ್ಕಿಸಿ ತಾವೇ ತಿರುಗಿಸಿದರು, ನಾನು ಹಣ್ಣು ಹಾಕಿದೆ. ಚರಚರ ಎಂದು, ಸೋಗೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 72. ಗಟ್ಟಿ ಆಳಾದರೆ ಇನ್ನೂ ಸ್ವಲ್ಪ ಹೆಚ್ಚು ತಿರುಗಿಸುತ್ತಾನೆ ಎಂದು 90ಕ್ಕೆ ನಿಲ್ಲಿಸಿಕೊಂಡೆ.

ಫ್ಯಾನಿಗೆ ಹಾಕುವಂಥ ರೆಗ್ಯುಲೇಟರ್ ಹಾಕಿ ಮೋಟಾರನ್ನೇ ನಿಧಾನ ಮಾಡಿದರೆ ಆಗದೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ತಲೆಯಾಡಿಸಿದರು. ಇಂಥ ಮೋಟಾರಿನೊಳಗೆ ಹೊರಡುವಾಗ ಮಾತ್ರ ಕೆಲಸ ಮಾಡುವ ಬೇರೆ ಸುರುಳಿ ಇರುತ್ತದೆ, ವೇಗ ಬಂದ ಮೇಲೆ ಒಂದು ಸ್ವಿಚ್ ಅದನ್ನು ಬಿಡಿಸುತ್ತದೆ. ವೇಗ ತಗ್ಗಿಸಿದರೆ ಸ್ವಿಚ್ ಮತ್ತೆ ಕೂಡಿಕೊಂಡು ಆ ಸುರುಳಿ ಸುಟ್ಟುಹೋಗುತ್ತದೆ. ಪುಲ್ಲಿಯಿಂದಲೇ ತಗ್ಗಿಸಬೇಕು. ಒಂದೇ ಮೆಟ್ಟಿಲಿನಲ್ಲಿ ಹದಿನಾರರಲ್ಲಿ ಒಂದಕ್ಕೆ ಇಳಿಸುವಷ್ಟು ದೊಡ್ಡ ಪುಲ್ಲಿ ಹಾಕಲು ಜಾಗವಿಲ್ಲ. ಆದ್ದರಿಂದ ನಡುವೆ ಇನ್ನೊಂದು ಶಾಫ್ಟ್. ಮೋಟಾರಿನ 3 ಇಂಚಿನಿಂದ ನಡುವಿನ 12ಕ್ಕೆ, ಅಲ್ಲಿ 360. ನಡುವಿನ ಇನ್ನೊಂದು 3ರಿಂದ ಯಂತ್ರದ 12ಕ್ಕೆ, ಅಲ್ಲಿ 90. ಮೋಟಾರು, ನಡುವಿನ ಶಾಫ್ಟ್ ಎಲ್ಲವೂ ಬೇರೆಯದೇ ಆದ ಆಂಗಲ್ ಚೌಕಟ್ಟಿನ ಮೇಲೆ. ಯಂತ್ರ ಅದರ ಪಕ್ಕದಲ್ಲಿ ಸ್ವತಂತ್ರವಾಗಿ ನಿಂತಿದೆ. ಬೆಲ್ಟನ್ನು ತೀರಾ ಬಿಗಿ ಮಾಡಿಲ್ಲ, ಕಲ್ಲು ಸಿಕ್ಕಿದರೆ ಜಾರಲಿ ಎಂದು.

ಬೆಲ್ಟುಗಳ ಸುತ್ತ ಮೂರು ಕಡೆಯೂ ಜಾಲರಿ ಹೊಡೆಸಿದ್ದೇನೆ. ಸೀರೆಯ ಸೆರಗು, ಚೂಡಿದಾರದ ದುಪಟ್ಟಾ ಎಳೆದುಕೊಳ್ಳಲು ಬೆಲ್ಟಿಗೆ ಕ್ಷಣವೂ ಬೇಡ. ಇದರಲ್ಲಿ ಉಳಿತಾಯ ನೋಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮೋಟಾರು ಹಾಕುವ ಮೊದಲು ಚಕ್ರದ ಹಿಡಿಯನ್ನು ಬಿಚ್ಚಲೇಬೇಕು, ತಿರುಗುವ ಹಿಡಿ ಮೊಣಕೈ ಮುರಿಯುತ್ತದೆ. ನೀರು ಸುರಿಯುವ ಜಾಗದಲ್ಲಿ ಕರೆಂಟು ಇರುವುದರಿಂದ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿದೆ: ಸರಿಯಾದ ಅರ್ತಿಂಗ್, ಕರೆಂಟು ಸೋರಿದರೆ 30 ಮಿಲಿಆಂಪಿಯರಿಗೆ ತಾನೇ ಕಡಿದುಕೊಳ್ಳುವ ಸ್ವಿಚ್ (ಆರ್‌ಸಿಸಿಬಿ), ಸ್ವಿಚ್ಚು ಒಣ ಗೋಡೆಯ ಮೇಲೆ.

ಚಾಪ್ ಮತ್ತು ಉರುಳೆಯ ನಡುವಿನ ಸಂದನ್ನು ಹೊಂದಿಸುವುದೇ ಕೊನೆಯ ಕೆಲಸ, ಅದೇ ಎಲ್ಲಕ್ಕಿಂತ ನಾಜೂಕು. ಅಳತೆಗೆ ಹ್ಯಾಕ್ಸಾ ಬ್ಲೇಡುಗಳನ್ನು ಬಳಸಿದೆ. ಒಂದು ಬ್ಲೇಡ್ ಸಲೀಸಾಗಿ ತೂರಬೇಕು, ಎರಡು ಸೇರಿಸಿದರೆ ಹಿಡಿದು ಹಿಡಿದು ಹೋಗಬೇಕು, ಎಡದಿಂದ ಬಲಕ್ಕೆ ಎಲ್ಲ ಕಡೆಯೂ. ಸಂದು ಹೆಚ್ಚಾದರೆ ಸಿಪ್ಪೆಯ ಜೊತೆ ಬೀಜವೂ ಹಿಂದಕ್ಕೆ ಹೋಗುತ್ತದೆ, ಕಡಿಮೆಯಾದರೆ ಬೀಜ ಕಚ್ಚುತ್ತದೆ. ಪ್ರತಿ ಸಲ ಹೊಂದಿಸಿದ ಮೇಲೆ ನೂರು ಬೀಜ ಎಣಿಸಿ ಗಾಯವಾದವನ್ನು ಬೇರೆ ಮಾಡುವುದು. ಮೊದಲ ಸಲ ಹನ್ನೊಂದು. ಆಮೇಲೆ ಏಳು. ಆರನೆಯ ಸಲಕ್ಕೆ ಮೂರು. ಅಲ್ಲಿ ನಿಲ್ಲಿಸಿದೆ.

ನವೆಂಬರಿನ ಕೊನೆಯ ವಾರ ಒಂದು ಸಂಜೆ 160 ಕೆಜಿ ಹಣ್ಣು. ಮೊದಲು ತೊಟ್ಟಿಗೆ ಸುರಿದು ತೇಲಿದ ಜೊಳ್ಳು, ಎಲೆ ತೆಗೆದೆವು. ಕಲ್ಲು ತಳಕ್ಕೆ ಹೋಯಿತು. ಅರ್ಧ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಬರುವ ಹಾಗೆ ಕಾಣಲಿಲ್ಲ. ಬೆಲ್ಟ್ ಕಳಚಿ, ಹಿಡಿ ಸಿಕ್ಕಿಸಿ, ಚಾರ್ಜರ್ ದೀಪದ ಬೆಳಕಿನಲ್ಲಿ ನಾನೂ ಕೊಯ್ಲಿಗೆ ಬಂದಿದ್ದ ಇಬ್ಬರು ಹೆಂಗಸರೂ ಸರದಿಯಂತೆ ತಿರುಗಿಸಿದೆವು. ಅತ್ತೆ ಬಾಯಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಬೊಗಸೆಯಲ್ಲಿ ಹಣ್ಣು ಹಾಕಿದರು. "ಬೆರಳು ಜೋಪಾನ ಅತ್ತೆ" ಎಂದೆ. ಅವರು ಮಾತನಾಡಲಿಲ್ಲ, ಕೈ ಮಾತ್ರ ಸ್ವಲ್ಪ ಹಿಂದೆ ಸರಿಯಿತು. ಎಂಟೂವರೆಗೆ ಮುಗಿಯಿತು. ಹಿಂದಿನ ವರ್ಷ ಅದೇ ಹೊತ್ತಿಗೆ ನಮ್ಮ ಹಣ್ಣು ಇನ್ನೊಬ್ಬರ ಅಂಗಳದಲ್ಲಿ ಮೂಟೆಯಲ್ಲಿತ್ತು.

ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟೆವು. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ, ಚಳಿ ಹೆಚ್ಚಿದ್ದರೆ ಇನ್ನೂ ತುಸು. ಗಡಿಯಾರಕ್ಕಿಂತ ಕೈಯನ್ನು ನಂಬಬೇಕು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಉಜ್ಜಿದರೆ ಜಾರುತ್ತಿದ್ದ ಬೀಜ ಇದ್ದಕ್ಕಿದ್ದಂತೆ ಹೊಳೆಯ ಸಣ್ಣ ಕಲ್ಲುಗಳ ಹಾಗೆ ಕರಕರ ಎನ್ನುತ್ತದೆ. ಮರುದಿನ ರಾತ್ರಿ ಹತ್ತಕ್ಕೆ ಆ ಸದ್ದು ಬಂತು. ಬೆಳಗಾಗುವವರೆಗೆ ಕಾದಿದ್ದರೆ ಹುಳಿಯಾಗುತ್ತಿತ್ತು, ಆಗಲೇ ಮೂರು ನೀರಿನಲ್ಲಿ ತೊಳೆದೆವು.

ತೊಳೆದ ನೀರನ್ನು ಹಳ್ಳಕ್ಕೆ ಬಿಡುವ ಮಾತೇ ಇಲ್ಲ. ನಮ್ಮ ಹಳ್ಳ ಹೇಮಾವತಿಗೆ ಸೇರುತ್ತದೆ. ಪಲ್ಪಿಂಗ್ ನೀರಿನಲ್ಲಿರುವ ಸಕ್ಕರೆ, ಲೋಳೆ ಕೊಳೆಯುವಾಗ ನೀರಿನ ಉಸಿರನ್ನೇ ಹೀರುತ್ತದೆ, ಮೀನು ಸಾಯುತ್ತವೆ. ಒಂದರ ಕೆಳಗೊಂದು ಎರಡು ಗುಂಡಿ ತೋಡಿ ಅಲ್ಲಿಯೇ ಇಂಗಿಸುತ್ತೇವೆ, ಸಿಪ್ಪೆ ಸಗಣಿಯ ಜೊತೆ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಖರ್ಚು ಕೇಳುವವರಿಗಾಗಿ: ಯಂತ್ರ 9,000, ಸಾಗಣೆ 1,200, ಲೇತ್ ಕೆಲಸ 4,600, ಮೋಟಾರು 2,800, ಪುಲ್ಲಿ ಬೆಲ್ಟು 3,800, ವೈರಿಂಗ್ 2,100, ಚೌಕಟ್ಟು ಮತ್ತು ಜಾಲರಿ 3,900. ಒಟ್ಟು 27,400 ರೂಪಾಯಿ. ಏಪ್ರಿಲ್‌ನಿಂದ ನವೆಂಬರಿನವರೆಗಿನ ನನ್ನ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆ ವರ್ಷವೂ ಡಿಸೆಂಬರಿನಲ್ಲಿ ಎರಡು ದಿನ ಮಳೆ ಬಂತು. ಅಷ್ಟರಲ್ಲಿ ಮೊದಲ ಲಾಟು ಒಣಗಿ ಮೂಟೆ ಸೇರಿತ್ತು.

ಫೆಬ್ರುವರಿಯಲ್ಲಿ ರೊಬಸ್ಟಾ ಹಾಕಿ ನೋಡಿದೆ, ಕೈಗೂಡಲಿಲ್ಲ. ಹಣ್ಣು ಚಿಕ್ಕದು, ಲೋಳೆ ಗಟ್ಟಿ, ಅರೇಬಿಕಾಕ್ಕೆ ಹೊಂದಿಸಿದ ಸಂದಿನಲ್ಲಿ ಒಡೆಯದೆಯೇ ಜಾರಿ ಬರುತ್ತದೆ. ಅದನ್ನು ಚೆರಿಯಾಗಿಯೇ ಒಣಗಿಸಿದೆವು. ಅರೇಬಿಕಾದಲ್ಲೂ ಬಲಮೂಲೆಯ ನಾಲ್ಕು ಬೆರಳಗಲ ಇನ್ನೂ ಸರಿಹೋಗಿಲ್ಲ, ಅಲ್ಲಿ ಮಾತ್ರ ಬೀಜದ ಜೊತೆ ಸಿಪ್ಪೆ ಬರುತ್ತದೆ. ಚಾಪ್ ಆ ತುದಿಯಲ್ಲಿ ಸವೆದಿದೆ ಎಂದು ಕಾಣುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಲೇತ್‌ನಲ್ಲಿ ಕೆಲಸ ಕಡಿಮೆ, ಆಗ ತೆಗೆದುಕೊಂಡು ಬನ್ನಿ ಎಂದು ಮೇಸ್ತ್ರಿ ಹೇಳಿದ್ದಾರೆ. ಚಾಪನ್ನು ಬಿಚ್ಚಿ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ, ಅದರ ಬೋಲ್ಟುಗಳು "ಅರ್ಧ ಇಂಚು, 12 ಎಳೆ" ಎಂದು ಚೀಟಿ ಅಂಟಿಸಿದ ಡಬ್ಬದಲ್ಲಿವೆ.